ಸೊನ್ನೆ ಮಿಲಿಸೆಕೆಂಡಿನಲ್ಲಿ ಬಂದ ಉತ್ತರ

ಕಿವಿಯ ನರತಂತುಗಳು ಸದ್ದು ಕೇಳಿದಾಗ ಬಿಡುವ ಚುಟುಕು ವಿದ್ಯುತ್ ಮಿಡಿತಗಳನ್ನು, ಅಂದರೆ ಸ್ಪೈಕ್‌ಗಳನ್ನು ಲೆಕ್ಕ ಹಾಕಿ ಓದುವುದು ನನ್ನ ಕೆಲಸ. ಮೊದಲ ವರ್ಷ ಮಾಡಿದ ಒಂದು ತಪ್ಪನ್ನು ಹೊಸದಾಗಿ ಬರುವವರಿಗೆ ಹೇಳಲೇಬೇಕು ಅನ್ನಿಸಿದೆ.

ನಾವು ವೈಟ್ ನಾಯ್ಸ್, ಅಂದರೆ ಎಲ್ಲ ಕಂಪನಾಂಕಗಳೂ ಸಮವಾಗಿ ಬೆರೆತ ಸದ್ದು, ಕೇಳಿಸುತ್ತೇವೆ. ಒಂದೊಂದು ಸ್ಪೈಕ್‌ಗೂ ಮುಂಚಿನ ಇಪ್ಪತ್ತು ಮಿಲಿಸೆಕೆಂಡಿನ ಸದ್ದನ್ನು ಕತ್ತರಿಸಿಕೊಳ್ಳುತ್ತೇವೆ. ಅಂಥ ಸಾವಿರಾರು ತುಂಡುಗಳ ಸರಾಸರಿ ತೆಗೆದರೆ ಸಂಬಂಧವಿಲ್ಲದ್ದೆಲ್ಲ ಹೊಡೆದುಹೋಗಿ, ಆ ನರ ಯಾವ ಅಲೆಗೆ ಓಗೊಡುತ್ತದೋ ಅದು ಮಾತ್ರ ಉಳಿಯುತ್ತದೆ. 1968ರಲ್ಲಿ ಡಿ ಬೋರ್ ಮತ್ತು ಕೈಪರ್ ಎಂಬ ಸಂಶೋಧಕರು ತೋರಿಸಿಕೊಟ್ಟ ದಾರಿ ಇದು. ಬೆಕ್ಕಿನಲ್ಲಾದರೆ ಸುಮಾರು 4-5 ಸಾವಿರ ಹರ್ಟ್ಸ್ ದಾಟಿದ ಮೇಲೆ ಸ್ಪೈಕ್‌ಗಳು ಅಲೆಯ ಏರಿಳಿತಕ್ಕೆ ತಾಳ ಹಾಕುವುದಿಲ್ಲ, ಅಲ್ಲಿ ಇದು ಕೈಕೊಡುತ್ತದೆ.

ನನಗೆ ಸಿಕ್ಕಿದ್ದು ತುಂಬಾ ಚೆಂದದ ಅಲೆ. ಎರಡು-ಮೂರು ಸಲ ತೂಗಿ ಮೆಲ್ಲಗೆ ಆರಿಹೋಗುತ್ತಿತ್ತು, ಥೇಟ್ ಪುಸ್ತಕದಲ್ಲಿದ್ದ ಹಾಗೆ. ಖುಷಿಯಿಂದ ನಮ್ಮ ಮೇಡಂಗೆ ತೋರಿಸಿದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ: "ಸ್ಪೀಕರ್ ಎಷ್ಟು ದೂರ ಇತ್ತಮ್ಮಾ?"

34 ಸೆಂಟಿಮೀಟರ್. ಅಷ್ಟು ದೂರ ಗಾಳಿಯಲ್ಲಿ ಸಾಗೋದಕ್ಕೇ ಸದ್ದಿಗೆ ಸುಮಾರು 1 ಮಿಲಿಸೆಕೆಂಡ್ ಬೇಕು. ಒಳಕಿವಿ ದಾಟಿ ನರ ಮಿಡಿಯಲು ಇನ್ನೂ ಹೊತ್ತು ಬೇಕು. ನನ್ನ ಅಲೆಯೋ, ಸೊನ್ನೆಯಲ್ಲೇ, ಅಂದರೆ ಸ್ಪೈಕ್ ಆದ ಕ್ಷಣದಲ್ಲೇ ಶುರುವಾಗಿತ್ತು. ಸದ್ದು ಕಿವಿ ಮುಟ್ಟುವ ಮೊದಲೇ ನರ ಉತ್ತರ ಕೊಟ್ಟಿತ್ತು!

ಕಚ್ಚಾ ರೆಕಾರ್ಡಿಂಗನ್ನು ದೊಡ್ಡದು ಮಾಡಿ ನೋಡಿದಾಗ ವಿಷಯ ಗೊತ್ತಾಯಿತು. ಸ್ಪೈಕ್‌ಗಳ ನಡುವಿನ ಗೆರೆ ಸಣ್ಣಗೆ ನಡುಗುತ್ತಿತ್ತು. ಸ್ಪೀಕರ್ ವೈರಿನ ಸಿಗ್ನಲ್ ನರದ ಮಿಡಿತ ಹಿಡಿಯುವ ಎಲೆಕ್ಟ್ರೋಡಿಗೆ ಸೋರುತ್ತಿತ್ತು. ಎಷ್ಟು ಎತ್ತರ ದಾಟಿದರೆ ಸ್ಪೈಕ್ ಅಂತ ಎಣಿಸಬೇಕು ಅನ್ನುವ ಮಿತಿಯ ಗೆರೆಯನ್ನು ನಾನು ತೀರಾ ಕೆಳಗೆ ಇಟ್ಟಿದ್ದೆ. ಸೋರಿದ ನಾಯ್ಸ್ ಆಗಾಗ ಅದನ್ನು ದಾಟುತ್ತಿತ್ತು, ಪ್ರೋಗ್ರಾಂ ಅದನ್ನೂ ಸ್ಪೈಕ್ ಅಂತ ಎಣಿಸುತ್ತಿತ್ತು. ಆ ಚೆಂದದ ತೂಗಾಟ ರೆಕಾರ್ಡಿಂಗಿನಲ್ಲಿ 300ರಿಂದ 3000 ಹರ್ಟ್ಸ್ ಮಾತ್ರ ಉಳಿಸಿಕೊಳ್ಳುವ ನಮ್ಮದೇ ಫಿಲ್ಟರಿನದು. ನನಗೆ ಇವತ್ತಿಗೂ ಮೈ ಜುಮ್ ಅನ್ನೋದು ಇದೇ ಜಾಗದಲ್ಲಿ. ಒಳಕಿವಿಯೂ ಒಂದು ಬಗೆಯ ಫಿಲ್ಟರೇ ಅಲ್ವಾ, ಸುಮ್ನೆ ಆಕಾರ ನೋಡಿದರೆ ಎರಡೂ ಒಂದೇ ಥರ.

ಖಾತ್ರಿ ಮಾಡಿಕೊಳ್ಳಲು ಸ್ಪೀಕರನ್ನು ಇನ್ನೊಂದು 34 ಸೆಂಟಿಮೀಟರ್ ಹಿಂದಕ್ಕೆ ಸರಿಸಿದೆವು. ನಿಜವಾದ ಉತ್ತರವಾಗಿದ್ದರೆ 1 ಮಿಲಿಸೆಕೆಂಡ್ ತಡವಾಗಬೇಕಿತ್ತು. ಅಲೆ ಕದಲಲಿಲ್ಲ.

ವೈರನ್ನು ದೂರ ಎಳೆದು, ಗ್ರೌಂಡ್ ಸರಿಮಾಡಿ, ಸ್ಪೈಕ್‌ಗಳನ್ನು ಒಂದೊಂದಾಗಿ ಆಕಾರ ನೋಡಿ ಆರಿಸಿದೆ. ನಾಲ್ಕು ದಿನ ಹಿಡಿಯಿತು. ಕೊನೆಗೆ ಬಂದ ಅಲೆ ಚಿಕ್ಕದು, ಅಂಚೆಲ್ಲ ಒರಟು. ಆದರೆ ಸೊನ್ನೆಯಿಂದ ಮೂರು ಮಿಲಿಸೆಕೆಂಡಿನಷ್ಟು ಆಚೆ ಶುರುವಾಗಿತ್ತು. ಸ್ಪೀಕರ್ ಸರಿಸಿದಾಗ ಅದೂ ಸರಿಯಿತು.