ಕನಜಾವದ ಸಮುರಾಯ್ ಬೀದಿಗೆ ಹೋಗುವವರಿಗೆ

ಜಪಾನಿಗೆ ಹೋಗುವ ನಮ್ಮವರು ಹೆಚ್ಚಾಗಿ ಟೋಕಿಯೋ, ಕ್ಯೋಟೋ, ಫ್ಯೂಜಿ ಪರ್ವತ ನೋಡಿಕೊಂಡು ಬರುತ್ತಾರೆ. ಹಳೇ ಕಾಲದ ಯೋಧರಾದ ಸಮುರಾಯ್ ಅಂದರೆ ಅವರಿಗೆ ಒಂದು ಕೋಟೆ, ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ಕತ್ತಿ, ಬಾಡಿಗೆ ಕವಚ ಹಾಕಿಕೊಂಡು ಒಂದು ಫೋಟೋ. ಅಲ್ಲಿಗೆ ಮುಗಿಯುತ್ತದೆ. ಆ ಜನ ಮನೆಯಲ್ಲಿ ಹೇಗಿದ್ದರು, ಎಷ್ಟು ಸಂಬಳ ಬರುತ್ತಿತ್ತು, ಹಿಮದಲ್ಲಿ ನಡೆದು ಬಂದರೆ ಚಪ್ಪಲಿ ಎಲ್ಲಿ ಕೊಡವುತ್ತಿದ್ದರು ಅಂತ ನೋಡುವ ಆಸೆ ಇದ್ದರೆ ಕನಜಾವಕ್ಕೆ ಹೋಗಿ. ನಾವು ಮೂರು ಜನ, ನಾನು, ನನ್ನ ಹೆಂಡತಿ ಮತ್ತು ಅರವತ್ತೆಂಟು ವರ್ಷದ ಅಪ್ಪ, ಡಿಸೆಂಬರ್ ಎರಡನೇ ವಾರದಲ್ಲಿ ಅಲ್ಲಿ ಮೂರು ರಾತ್ರಿ ಇದ್ದೆವು.

ಊರಿನ ಹೆಸರು ಕೇಳಿದ ಕೂಡಲೇ ಅಪ್ಪ "ಕನಜ ಅಂದ್ರೆ ಭತ್ತದ ಕನಜನಾ?" ಅಂದರು. ಅಲ್ಲ, ಜಪಾನಿ ಭಾಷೆಯಲ್ಲಿ ಅದರ ಅರ್ಥ ಚಿನ್ನದ ಜೌಗು. ಆದರೆ ಅಪ್ಪನ ಊಹೆ ಈ ಊರಿಗೆ ಒಪ್ಪುವಂಥದ್ದೇ. ಇಲ್ಲಿನ ಕಾಗಾ ಸಂಸ್ಥಾನವನ್ನು ಹತ್ತು ಲಕ್ಷ ಕೊಕು ಅಕ್ಕಿಯ ಸೀಮೆ ಅಂತಲೇ ಕರೆಯುತ್ತಿದ್ದರು. ಒಂದು ಕೊಕು ಅಂದರೆ ಸುಮಾರು 150 ಕಿಲೋ ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಊಟ. ಸಮುರಾಯ್‌ಗಳ ಅಂತಸ್ತು, ಸಂಬಳ ಎಲ್ಲವನ್ನೂ ಅಳೆಯುತ್ತಿದ್ದದ್ದು ಈ ಲೆಕ್ಕದಲ್ಲೇ. ಇದೊಂದು ತಿಳಿದುಕೊಂಡು ಹೋದರೆ ಅಲ್ಲಿ ನೋಡುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹೋಗುವ ದಾರಿ ಸುಲಭ. ಬೆಂಗಳೂರಿನಿಂದ ಟೋಕಿಯೋದ ನರಿಟಾ ಏರ್‌ಪೋರ್ಟಿಗೆ ನೇರ ವಿಮಾನ ಇದೆ. ಟೋಕಿಯೋದಿಂದ ಕನಜಾವಕ್ಕೆ 2015ರಿಂದ ಬುಲೆಟ್ ರೈಲು ಓಡುತ್ತಿದೆ. 'ಕಗಾಯಾಕಿ' ಹೆಸರಿನ ರೈಲಿನಲ್ಲಿ ಎರಡೂವರೆ ಗಂಟೆ, ಟಿಕೆಟ್ ಒಬ್ಬರಿಗೆ ಸುಮಾರು 14,000 ಯೆನ್. ಕಗಾಯಾಕಿಯಲ್ಲಿ ಎಲ್ಲವೂ ರಿಸರ್ವ್ ಸೀಟು, ಸುಮ್ನೆ ಹತ್ತಿ ಕೂರುವ ಹಾಗಿಲ್ಲ. ಇಡೀ ದೇಶಕ್ಕೆ ಕೊಡುವ ಜೆಆರ್ ರೈಲು ಪಾಸ್ ಬೆಲೆ 2023ರ ಅಕ್ಟೋಬರ್‌ನಲ್ಲಿ ಒಂದೇ ಸಲಕ್ಕೆ ಏರಿತು. ಏಳು ದಿನದ ಪಾಸ್ 29,650ರಿಂದ 50,000 ಯೆನ್ ಆಯಿತು. ಕನಜಾವಕ್ಕೆ ಹೋಗಿಬರುವುದಕ್ಕಷ್ಟೇ ಆದರೆ ಅದು ಲುಕ್ಸಾನು. ಟೋಕಿಯೋದಿಂದ ಕನಜಾವ, ಅಲ್ಲಿಂದ ಕ್ಯೋಟೋ, ಒಸಾಕಾ ಅಂತ ಒಂದೇ ದಿಕ್ಕಿನಲ್ಲಿ ಹೋಗುವವರು ಹೊಕುರಿಕು ಆರ್ಚ್ ಪಾಸ್ ವಿಚಾರಿಸಿ.

ಉಳಿದುಕೊಳ್ಳಲು ಸ್ಟೇಷನ್ ಹತ್ತಿರ ಹೋಟೆಲ್ ಜಾಸ್ತಿ. ಆದರೂ ನನ್ನ ಮಾತು ಕೇಳುವುದಾದರೆ ಕೊರಿಂಬೊ ಕಡೆ ರೂಮು ಮಾಡಿ. ಸಮುರಾಯ್‌ಗಳು ಇದ್ದ ನಗಾಮಾಚಿ ಬೀದಿಗಳು ಅಲ್ಲಿಂದ ಐದು ನಿಮಿಷ. ಬೆಳಿಗ್ಗೆ ಏಳು ಗಂಟೆಗೆ ಎದ್ದು ಹೋದರೆ ಬೀದಿಯಲ್ಲಿ ಯಾರೂ ಇರುವುದಿಲ್ಲ. ಇಕ್ಕಟ್ಟಾದ ಕಲ್ಲುಹಾಸಿನ ದಾರಿ, ಎರಡೂ ಕಡೆ ಹಳದಿ ಮಣ್ಣಿನ ಗೋಡೆ, ಪಕ್ಕದಲ್ಲಿ ಕಾಲುವೆ ನೀರಿನ ಸದ್ದು. ಡಿಸೆಂಬರ್‌ನಿಂದ ಮಾರ್ಚ್ ತನಕ ಆ ಮಣ್ಣಿನ ಗೋಡೆಗಳಿಗೆ ಹುಲ್ಲಿನ ಚಾಪೆ ಹೊದಿಸುತ್ತಾರೆ. ಮಣ್ಣು ಹಿಮದ ನೀರು ಕುಡಿದು ಒಡೆಯಬಾರದು ಅಂತ. ನಾವು ಹೋದಾಗ ಚಾಪೆಗಳು ಹೊಸದಾಗಿದ್ದವು, ಗದ್ದೆಯ ಹುಲ್ಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಗೋಡೆಯನ್ನೇ ನೋಡಬೇಕು ಅನ್ನುವವರು ಏಪ್ರಿಲ್ ಅಥವಾ ನವೆಂಬರ್‌ನಲ್ಲಿ ಹೋಗಿ.

ಗೋಡೆಯ ಬುಡದಲ್ಲಿ ಅಲ್ಲಲ್ಲಿ ಮೊಣಕಾಲೆತ್ತರದ ಕಲ್ಲುಗಳಿವೆ. ಗೊಪ್ಪೊ ಕಲ್ಲು ಅಂತಾರೆ. ಮರದ ಚಪ್ಪಲಿಯ ಹಲ್ಲುಗಳ ಮಧ್ಯೆ ಹಿಮ ಸಿಕ್ಕಿಕೊಂಡರೆ ಈ ಕಲ್ಲಿಗೆ ಕುಟ್ಟಿ ಉದುರಿಸುತ್ತಿದ್ದರು. ಬಲಗಾಲು ಒಂದೇಟು, ಎಡಗಾಲು ಒಂದೇಟು, ಆಮೇಲೆ ಮನೆಯೊಳಕ್ಕೆ. ಅಪ್ಪ ತಮ್ಮ ಶೂ ಕುಟ್ಟಿ ನೋಡಿದರು. ಎಷ್ಟೋ ಕವಚ, ಕತ್ತಿ ನೋಡಿದ್ದೇವೆ, ಆದರೆ ಸಮುರಾಯ್ ಅನ್ನುವವನು ಚಳಿಯಲ್ಲಿ ಮನೆಗೆ ವಾಪಸ್ ಬರುತ್ತಿದ್ದ ಒಬ್ಬ ಮನುಷ್ಯ ಅಂತ ನನಗೆ ಅನಿಸಿದ್ದು ಆ ಕಲ್ಲಿನ ಹತ್ತಿರ. ಒಂದು ವಿಷಯ ನೆನಪಿಡಿ. ಈ ಬೀದಿಯಲ್ಲಿ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಚೆನ್ನಾಗಿದೆ ಅಂತ ಯಾವ ಬಾಗಿಲನ್ನೂ ತೆಗೆಯಬೇಡಿ.

ಈಗ ಮುಖ್ಯ ಸಲಹೆ. ಎಲ್ಲರೂ ಮೊದಲು ನೊಮುರಾ ಅನ್ನುವ ದೊಡ್ಡ ಸಮುರಾಯ್ ಮನೆತನದ ಮನೆಗೆ ನುಗ್ಗುತ್ತಾರೆ, ಅದು ನೋಡಿ ಹೊರಟುಹೋಗುತ್ತಾರೆ. ನೀವು ಕೆಳಗಿನ ಅಂತಸ್ತಿನಿಂದ ಶುರು ಮಾಡಿ.

ಮೊದಲು ಅಶಿಗಾರು ಮ್ಯೂಸಿಯಂ. ಅಶಿಗಾರು ಅಂದರೆ ಕಾಲಾಳು, ಸೈನಿಕರಲ್ಲಿ ಎಲ್ಲರಿಗಿಂತ ಕೆಳಗಿನವನು. ಇಲ್ಲಿ ಅಂಥವರ ಎರಡು ಮನೆಗಳನ್ನು ತಂದು ನಿಲ್ಲಿಸಿದ್ದಾರೆ. ಪ್ರವೇಶ ಉಚಿತ. ಹಲಗೆಯ ಸೂರು, ಗಾಳಿಗೆ ಹಾರದಂತೆ ಅದರ ಮೇಲೆ ಸಾಲಾಗಿ ಕಲ್ಲುಗಳು. ಒಳಗೆ ಪುಟ್ಟ ಪುಟ್ಟ ಕೋಣೆ. ಬೇರೆ ಎಷ್ಟೋ ಸಂಸ್ಥಾನಗಳಲ್ಲಿ ಕಾಲಾಳುಗಳಿಗೆ ವಠಾರದ ಥರ ಸಾಲುಮನೆಯೇ ಗತಿ. ಕಾಗಾದಲ್ಲಿ ಚಿಕ್ಕದಾದರೂ ಬೇರೆ ಮನೆ, ಒಂದಿಷ್ಟು ಕೈತೋಟ. ಈ ಎರಡು ಮನೆಗಳಲ್ಲಿ 1990ರ ದಶಕದ ತನಕವೂ ಆ ವಂಶದವರು ವಾಸವಿದ್ದರು ಅಂದರೆ ನಂಬುತ್ತೀರಾ?

ಅಲ್ಲಿಂದ ಅದೇ ಬೀದಿಯಲ್ಲಿ ತಕಾದಾ ಮನೆತನದ ಜಾಗ. ಇವರದು 550 ಕೊಕು, ಮಧ್ಯಮ ದರ್ಜೆ. ಮನೆ ಉಳಿದಿಲ್ಲ, ಹೆಬ್ಬಾಗಿಲು ಉಳಿದಿದೆ. ಆ ಬಾಗಿಲಿನ ಒಂದು ಕಡೆ ಆಳುಗಳ ಕೋಣೆ, ಇನ್ನೊಂದು ಕಡೆ ಕುದುರೆ ಲಾಯ. ಆಗಷ್ಟೇ ಅಶಿಗಾರು ಮನೆ ನೋಡಿ ಬಂದ ಕಣ್ಣಿಗೆ ಇಬ್ಬರ ಅಂತರ ಥಟ್ಟನೆ ಹೊಳೆಯುತ್ತದೆ. ಇದೂ ಉಚಿತ. ಹದಿನೈದು ನಿಮಿಷ ಸಾಕು.

ಕೊನೆಗೆ ನೊಮುರಾ ಮನೆ, 1,200 ಕೊಕು. 1583ರಲ್ಲಿ ಕನಜಾವ ಕೋಟೆಗೆ ಬಂದ ಮಾಎದಾ ತೊಶಿಇಎ ಅನ್ನುವ ಒಡೆಯನ ಜೊತೆಗಿದ್ದ ಮನೆತನ. ಹೊಕ್ಕ ಕೂಡಲೇ ಕವಚ ಕಾಣುತ್ತದೆ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ನೀವು ಮುಂದೆ ಹೋಗಿ ಜಗುಲಿಯಲ್ಲಿ ಕೂತುಕೊಳ್ಳಿ. ಕಾಲ ಕೆಳಗೇ ಕೊಳ, ಬೀದಿಯಲ್ಲಿ ನೋಡಿದ ಕಾಲುವೆಯ ನೀರೇ ಒಳಗೆ ಹರಿದು ಬರುತ್ತದೆ. ಮೀನುಗಳು, ಪಾಚಿಗಟ್ಟಿದ ಕಲ್ಲುದೀಪ, ಒಂದರ ಮೇಲೊಂದು ಬಾಗಿದ ಗಿಡ. ಕಲ್ಲುಮೆಟ್ಟಿಲು ಹತ್ತಿ ಮೇಲೆ ಹೋದರೆ ಚಹಾ ಕೋಣೆ, ಸ್ವಲ್ಪ ದುಡ್ಡು ಕೊಟ್ಟರೆ ಮಚ್ಚಾ ಅನ್ನುವ ಹಸಿರು ಚಹಾ ಕೊಡುತ್ತಾರೆ. ಇಂಥ ಮನೆಯಲ್ಲೇ ಒಂದು ಪತ್ರವೂ ಇದೆ. ಶತ್ರುವಿನ ತಲೆ ಕಡಿದು ತಂದಿದ್ದಕ್ಕೆ ಒಬ್ಬ ಒಡೆಯ ಬರೆದ ವಂದನೆಯ ಓಲೆ. ಇಂಗ್ಲಿಷ್ ಅನುವಾದ ಪಕ್ಕದಲ್ಲೇ ಇದೆ, ತಪ್ಪದೆ ಓದಿ. ಚಹಾ ಕೋಣೆಯೂ ಈ ಪತ್ರವೂ ಒಂದೇ ಸೂರಿನಡಿ ಇರುವುದು ನನ್ನನ್ನು ಬಹಳ ಹೊತ್ತು ಕಾಡಿತು.

ಆದರೆ ಈಗಿರುವ ಕಟ್ಟಡ ಸಮುರಾಯ್ ಕಟ್ಟಿದ್ದಲ್ಲ. 1871ರಲ್ಲಿ ಸಂಸ್ಥಾನಗಳು ಹೋದವು. 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಲ್ಲಿಸಿದರು, ಅಕ್ಕಿಯ ಸಂಬಳವೂ ನಿಂತಿತು. ಮನೆಗಳನ್ನು ಕೆಡವಿದರು, ಜಾಗ ತರಕಾರಿ ತೋಟವಾಯಿತು. ನೊಮುರಾ ಜಾಗದಲ್ಲಿ ಈಗ ನಿಂತಿರುವುದು ಒಬ್ಬ ಹಡಗು ವ್ಯಾಪಾರಿಯ ಮನೆಯ ಭಾಗ, ಆಮೇಲೆ ತಂದು ಕೂರಿಸಿದ್ದು. ತೋಟ ಮತ್ತು ಮಣ್ಣಿನ ಗೋಡೆ ಹಳೆಯವು. ಇದು ಗೊತ್ತಿದ್ದು ನೋಡಿದರೆ ಒಳ್ಳೆಯದು.

ಕಾಗಾದ ಸಮುರಾಯ್‌ಗಳು ಕತ್ತಿಗಿಂತ ಜಾಸ್ತಿ ಹಿಡಿದದ್ದು ಬರೆಯುವ ಕುಂಚವನ್ನು. 1615ರಲ್ಲಿ ಒಸಾಕಾ ಕೋಟೆ ಬಿದ್ದ ಮೇಲೆ ಎರಡೂವರೆ ಶತಮಾನ ಹೆಚ್ಚುಕಡಿಮೆ ಯುದ್ಧವೇ ಇರಲಿಲ್ಲ. ಇಷ್ಟು ಸಿರಿವಂತ ಸಂಸ್ಥಾನ ಅಂದರೆ ಇಡೀ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ಗೆ ಅನುಮಾನ ಇದ್ದೇ ಇರುತ್ತದೆ ಅಲ್ವಾ? ಹಾಗಾಗಿ ಮಾಎದಾ ಒಡೆಯರು ತಮಗೆ ಯುದ್ಧದ ಯೋಚನೆ ಇಲ್ಲ ಅಂತ ತೋರಿಸಲು ಹಣವನ್ನು ಚಹಾ, 'ನೋ' ಅನ್ನುವ ಮುಖವಾಡದ ನಾಟಕ, ಮಡಕೆ, ಅರಗಿನ ಕೆಲಸಕ್ಕೆ ಸುರಿದರು. ಸಾಮಾನ್ಯ ಸಮುರಾಯ್ ಕಚೇರಿಗೆ ಹೋಗಿ ಲೆಕ್ಕ ಬರೆದ. ಇನೊಯಾಮಾ ಅನ್ನುವ ಮನೆತನದವರ ಕೆಲಸವೇ ಸಂಸ್ಥಾನದ ಲೆಕ್ಕಪತ್ರ. ಸ್ವಂತ ಮನೆಯಲ್ಲಿ ಸಾಲ ಮಿತಿಮೀರಿ ಸಾಮಾನು ಮಾರಿದರು. 1842ರಿಂದ 1879ರ ತನಕ ಮನೆಖರ್ಚನ್ನು ಬರೆದಿಟ್ಟರು, ಆ ಕಾಗದಗಳು ಇವತ್ತಿಗೂ ಉಳಿದಿವೆ. ಮಗುವಿನ ಶಾಸ್ತ್ರಕ್ಕೆ ದುಬಾರಿ ಮೀನು ತರಲಾಗದೆ ಮೀನಿನ ಚಿತ್ರ ಇಟ್ಟರಂತೆ. ನಗಾಮಾಚಿಯಲ್ಲಿ ನಡೆಯುವಾಗ ಇದು ನೆನಪಿರಲಿ.

ಊಟದ ವಿಷಯ. ಅಪ್ಪ ಸಸ್ಯಾಹಾರಿ. ಮೊದಲ ರಾತ್ರಿ ಒಂದು ಸಣ್ಣ ಹೋಟೆಲಿನಲ್ಲಿ ಮಾಂಸ ಬೇಡ, ಮೀನು ಬೇಡ ಅಂತ ಹೇಳಿ, ಬಂದ ಸಾರು ಅರ್ಧ ಕುಡಿದ ಮೇಲೆ ಅದು ದಾಶಿಯಲ್ಲಿ, ಅಂದರೆ ಒಣಮೀನು ಕುದಿಸಿದ ನೀರಿನಲ್ಲಿ, ಮಾಡಿದ್ದು ಅಂತ ತಿಳಿಯಿತು. ಅಪ್ಪ ಬಟ್ಟಲು ಪಕ್ಕಕ್ಕಿಟ್ಟು ಸುಮ್ಮನಾದರು. ಬರೀ ಮೀನು ಬೇಡ ಅಂದರೆ ಸಾಲದು, ದಾಶಿಯೂ ಬೇಡ ಅಂತ ಜಪಾನಿಯಲ್ಲಿ ಬರೆದ ಚೀಟಿ ತೋರಿಸಿ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ಬಿಸಿ ಮಾಡಿದರೆ ಸಾಕು ಅನ್ನುವ ಅನ್ನದ ಡಬ್ಬಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಹಸಿ ಹಣ್ಣು, ತರಕಾರಿ, ಕರಿಬೇವು ಮಾತ್ರ ಬೇಡ, ಏರ್‌ಪೋರ್ಟಿನಲ್ಲಿ ತೆಗೆದುಕೊಂಡುಬಿಡುತ್ತಾರೆ. ಮಾಂಸ ತಿನ್ನುವವರು ಜಿಬುನಿ ಕೇಳಿ, ಬಾತುಕೋಳಿಯದು, ಈ ಸೀಮೆಯ ಹಳೇ ಅಡುಗೆ.

ಇನ್ನುಳಿದವು ಬೇಗ ಹೇಳಿಬಿಡುತ್ತೇನೆ. ಮ್ಯೊರ್ಯುಜಿ ದೇವಸ್ಥಾನವನ್ನು ನಿಂಜಾ ಗುಡಿ ಅಂತಾರೆ, ನಿಂಜಾಗಳಿಗೂ, ಅಂದರೆ ಆ ಕಾಲದ ಗೂಢಚಾರರಿಗೂ, ಅದಕ್ಕೂ ಸಂಬಂಧ ಇಲ್ಲ. ಗುಪ್ತ ಮೆಟ್ಟಿಲುಗಳು ಚೆನ್ನಾಗಿವೆ, ಆದರೆ ಮೊದಲೇ ಫೋನ್ ಮಾಡಿ ಬುಕ್ ಮಾಡಬೇಕು. ಶಾಲೆಗೆ ಸೇರದ ಮಕ್ಕಳನ್ನು ಬಿಡುವುದಿಲ್ಲ. ಚಳಿಗಾಲದಲ್ಲಿ ನೊಮುರಾ ಮನೆ ಸಂಜೆ ನಾಲ್ಕೂವರೆಗೇ ಮುಚ್ಚುತ್ತದೆ. ಎಲ್ಲ ಕಡೆ ಶೂ ಬಿಚ್ಚಬೇಕು, ನೆಲಕ್ಕೆ ಹಾಸಿದ ತತಾಮಿ ಚಾಪೆ ಮಂಜುಗಡ್ಡೆ ಥರ ಇರುತ್ತದೆ, ಎರಡು ಜೊತೆ ದಪ್ಪ ಕಾಲುಚೀಲ ಹಾಕಿಕೊಳ್ಳಿ. ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ ಅನ್ನುವುದು ಆ ಊರಿನ ಗಾದೆ. ಮೂರೂ ದಿನ ಮಳೆ ಬಂತು.

ಟೋಕಿಯೋಗೆ ವಾಪಸ್ ಬಂದವರು ಹೊಂಗೊ ಸಾನ್‌ಚೊಮೆ ಸ್ಟೇಷನ್ನಿನಲ್ಲಿ ಇಳಿದು ಟೋಕಿಯೋ ವಿಶ್ವವಿದ್ಯಾಲಯದ ಕೆಂಪು ಬಾಗಿಲು ನೋಡಿ. ಅಲ್ಲಿ ಕಾಗಾ ಒಡೆಯರ ಬಂಗಲೆ ಇತ್ತು. 1827ರಲ್ಲಿ ಶೋಗನ್ ಮಗಳು ಸೊಸೆಯಾಗಿ ಬಂದಾಗ ಕಟ್ಟಿಸಿದ ಬಾಗಿಲು ಅದು. ಒಡೆಯರು ಕನಜಾವದಿಂದ ಎರಡು ಸಾವಿರಕ್ಕೂ ಜಾಸ್ತಿ ಜನರ ಮೆರವಣಿಗೆ ಕಟ್ಟಿಕೊಂಡು ಹದಿಮೂರು ದಿನ ನಡೆದು ಇಲ್ಲಿಗೆ ಬರುತ್ತಿದ್ದರು. ನಾವು ನೋಡಿದ ಆ ಹಲಗೆ ಸೂರಿನ ಮನೆಗಳಲ್ಲಿದ್ದಂಥ ಕಾಲಾಳುಗಳು ಆ ಸಾಲಿನಲ್ಲಿ ಸಾಮಾನು ಹೊತ್ತು ಬಂದವರು. ಅಪ್ಪ ಬಾಗಿಲ ಫೋಟೋ ತೆಗೆಯಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಕೂತು ಹತ್ತು ನಿಮಿಷ ನೋಡುತ್ತಿದ್ದು, ಆಮೇಲೆ ಎದ್ದರು.