ಹಾಲು ಸಾಲುತ್ತಿದೆಯಾ? ಒದ್ದೆ ಡೈಪರ್ ಎಣಿಸಿ

ಹೆರಿಗೆಯಾದ ಎರಡನೇ ರಾತ್ರಿಯೋ ಮೂರನೇ ರಾತ್ರಿಯೋ ಇದು ಆಗಿಯೇ ಆಗುತ್ತದೆ. ಅರ್ಧ ಗಂಟೆ ಎದೆ ಚೀಪಿದ ಕೂಸು ಹಾಸಿಗೆಗೆ ಹಾಕಿದ ಹತ್ತೇ ನಿಮಿಷಕ್ಕೆ ಮತ್ತೆ ಬಾಯಿ ತೆರೆದು ಹುಡುಕುತ್ತದೆ. ಪಕ್ಕದಲ್ಲಿದ್ದ ಯಾರೋ ‘ಹಾಲು ಸಾಲ್ತಿಲ್ಲ ಅನ್ಸತ್ತೆ’ ಅನ್ನುತ್ತಾರೆ. ಆ ಒಂದು ಮಾತು ಮನಸ್ಸಿನಲ್ಲಿ ಕೂತರೆ ವಾರಗಟ್ಟಲೆ ಏಳುವುದಿಲ್ಲ. ಬಾಣಂತಿಯರ ಕಣ್ಣೀರಿನಲ್ಲಿ ದೊಡ್ಡ ಪಾಲು ಈ ಅನುಮಾನದ್ದೇ.

ಮೊದಲ ದಿನ ಬರುವುದು ದಪ್ಪನೆಯ ಹಳದಿ ಹಾಲು. ಒಂದು ಸಲಕ್ಕೆ ಒಂದು ಟೀ ಚಮಚದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಅಷ್ಟು ಸಾಕು. ಹೆಚ್ಚು ಹಾಲು ಇಳಿಯುವುದು ಸಾಮಾನ್ಯವಾಗಿ 2ರಿಂದ 5ನೇ ದಿನದೊಳಗೆ. ಮೊದಲ ಹೆರಿಗೆ ಅಥವಾ ಸಿಸೇರಿಯನ್ ಆಗಿದ್ದರೆ ಸ್ವಲ್ಪ ತಡವಾಗಬಹುದು. ಈ ದಿನಗಳಲ್ಲಿ ಮಗುವಿನ ತೂಕ ಇಳಿಯುತ್ತದೆ. ಶೇ. 7ರವರೆಗೆ ಇಳಿದರೆ ಗಾಬರಿ ಬೇಡ, 10 ಮುಟ್ಟಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಹುಟ್ಟಿದಾಗಿನ ತೂಕ 10ರಿಂದ 14 ದಿನದೊಳಗೆ ಮರಳಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಾ ಹೋದರೆ ಚೆನ್ನಾಗಿದೆ ಎಂದರ್ಥ.

ಹಾಲು ಕಡಿಮೆಯಾಗಿದೆ ಎಂದು ತಾಯಂದಿರು ತೀರ್ಮಾನಿಸುವುದು ಬಹುತೇಕ ತಪ್ಪು ಗುರುತುಗಳನ್ನು ನೋಡಿ. ಎದೆ ಮೆತ್ತಗಾಯಿತು, ಸೋರುವುದು ನಿಂತಿತು, ಪಂಪ್ ಹಾಕಿದರೆ ತಳ ಮುಚ್ಚುವಷ್ಟೂ ಬರಲಿಲ್ಲ, ಸಂಜೆಯಿಡೀ ಮಗು ಎದೆ ಬಿಡಲಿಲ್ಲ. ಇವು ಯಾವುವೂ ಹಾಲಿನ ಲೆಕ್ಕ ಹೇಳುವುದಿಲ್ಲ. ಕೆಲವು ವಾರ ಕಳೆದಂತೆ ಮಗುವಿಗೆ ಬೇಕಾದಷ್ಟನ್ನೇ ತಯಾರಿಸಲು ದೇಹ ಕಲಿಯುತ್ತದೆ, ಹಾಗಾಗಿ ಎದೆ ಮೆತ್ತಗಾಗುತ್ತದೆ. ಚೆನ್ನಾಗಿ ಚೀಪುವ ಮಗುವಿನಷ್ಟು ಹಾಲನ್ನು ಪಂಪ್ ಎಳೆಯಲಾರದು. ಸಂಜೆ ಹೊತ್ತು ಮೇಲಿಂದ ಮೇಲೆ ಕುಡಿಯುವುದು ಎಳೆ ಕೂಸುಗಳ ಸ್ವಭಾವ. ದಿನಕ್ಕೆ 8ರಿಂದ 12 ಸಲ ಕುಡಿಯುವುದು ಸಹಜ, ಅದೂ ಸಮ ಅಂತರದಲ್ಲಿ ಅಲ್ಲ.

ನಂಬಬೇಕಾದ್ದು ಡೈಪರನ್ನು. ಮೊದಲ ದಿನ ಒಂದು ಒದ್ದೆ, ಎರಡನೇ ದಿನ ಎರಡು, ಮೂರನೇ ದಿನ ಮೂರು. 5ನೇ ದಿನದಿಂದ 24 ಗಂಟೆಯಲ್ಲಿ ಕನಿಷ್ಠ ಆರು. ಒದ್ದೆಯಾಗಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಒಣ ಡೈಪರಿಗೆ ಮೂರು ಟೇಬಲ್ ಚಮಚ, ಅಂದರೆ 45 ಮಿ.ಲೀ. ನೀರು ಸುರಿದು ಕೈಯಲ್ಲಿ ಹಿಡಿದು ನೋಡಿ, ಆ ಭಾರ ನೆನಪಿರಲಿ. ಮೊದಲೆರಡು ದಿನ ಮೂತ್ರದಲ್ಲಿ ಇಟ್ಟಿಗೆ ಬಣ್ಣದ ಪುಡಿಯಂಥ ಕಲೆ ಕಾಣಬಹುದು. 4ನೇ ದಿನದ ಮೇಲೂ ಕಂಡರೆ ಹಾಲು ಸಾಕಷ್ಟು ಒಳಹೋಗುತ್ತಿಲ್ಲ ಎಂದು ತಿಳಿಯಬೇಕು. ಕಕ್ಕದ ಬಣ್ಣವೂ ಮಾತಾಡುತ್ತದೆ: ಮೊದಲು ಡಾಂಬರಿನಂಥ ಕಪ್ಪು, ಆಮೇಲೆ ಹಸಿರು, 5ನೇ ದಿನದ ಹೊತ್ತಿಗೆ ಕಾಳುಕಾಳಾದ ಹಳದಿ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಮಾತ್ರ ಕಾಯಬೇಡಿ, ಅದು ಪಿತ್ತನಾಳದ ಅಥವಾ ಲಿವರಿನ ತೊಂದರೆಯ ಸೂಚನೆ ಇರಬಹುದು.

ಡೈಪರ್ ಲೆಕ್ಕ ಕಡಿಮೆ ಬಂದರೆ ಮೊದಲು ನೋಡಬೇಕಾದ್ದು ಮಗು ಎದೆ ಹಿಡಿಯುವ ರೀತಿ. ಬಹಳ ಸಲ ಸಮಸ್ಯೆ ಇರುವುದು ಹಾಲಿನಲ್ಲಲ್ಲ, ಹಿಡಿತದಲ್ಲಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ; ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಕತ್ತು ತಿರುಗಿಸಿಕೊಂಡು ನುಂಗುವುದು ದೊಡ್ಡವರಿಗೂ ಕಷ್ಟ, ಮಗುವಿಗೆ ಕೇಳಬೇಕೆ. ತೊಟ್ಟು ಮಗುವಿನ ಬಾಯಿಗೆ ನೇರವಾಗಿರುವುದು ಬೇಡ, ಮೂಗಿನ ಎದುರಿಗಿರಲಿ. ತೊಟ್ಟಿನಿಂದ ಮೇಲ್ತುಟಿ ಸವರಿ, ಆಕಳಿಸುವಷ್ಟು ಅಗಲವಾಗಿ ಬಾಯಿ ತೆರೆಯುವವರೆಗೆ ಕಾದು, ಆಮೇಲೆ ಮಗುವನ್ನು ಎದೆಗೆ ತನ್ನಿ. ಎದೆಯನ್ನು ಮಗುವಿನತ್ತ ಬಗ್ಗಿಸಬೇಡಿ, ಎರಡೇ ದಿನಕ್ಕೆ ಬೆನ್ನು ಹೋಗುತ್ತದೆ. ಮಗುವಿನ ತಲೆಯ ಹಿಂಭಾಗ ಒತ್ತಬೇಡಿ, ಒತ್ತಿದರೆ ಅದು ಹಿಂದಕ್ಕೆ ಸೆಟೆಯುತ್ತದೆ. ಕೈ ಕತ್ತಿನ ಬುಡಕ್ಕೂ ಹೆಗಲಿಗೂ ಆಸರೆಯಾಗಿರಲಿ. ಸರಿಯಾಗಿ ಹಿಡಿದಾಗ ಗದ್ದ ಎದೆಗೆ ಒತ್ತಿರುತ್ತದೆ, ಕೆಳತುಟಿ ಹೊರಕ್ಕೆ ಮಡಿಸಿರುತ್ತದೆ, ಸುತ್ತಲಿನ ಕಪ್ಪು ಭಾಗ ಮೇಲ್ತುಟಿಯ ಮೇಲೆ ಹೆಚ್ಚು ಕಾಣುತ್ತದೆ, ಕೆಳಗೆ ಕಡಿಮೆ. ನುಂಗುವ ಸದ್ದು ಕೇಳಿಸುತ್ತದೆ.

ಮೊದಲ ಕೆಲವು ಕ್ಷಣ ನೋಯಬಹುದು. ಅರ್ಧ ನಿಮಿಷ ದಾಟಿಯೂ ನೋಯುತ್ತಿದ್ದರೆ, ಅಥವಾ ಬಿಟ್ಟಾಗ ತೊಟ್ಟು ಹೊಸ ಲಿಪ್‌ಸ್ಟಿಕ್‌ನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿದ್ದರೆ, ಮಗು ಬರೀ ತೊಟ್ಟನ್ನಷ್ಟೇ ಹಿಡಿದಿದೆ. ಹಲ್ಲು ಕಚ್ಚಿ ಸಹಿಸಬೇಡಿ. ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಲ್ಲಿ ತೂರಿಸಿ ಹಿಡಿತ ಬಿಡಿಸಿ, ಮತ್ತೆ ಹಿಡಿಸಿ. ಹತ್ತು ಸಲ ಮಾಡಬೇಕಾಗಿ ಬಂದರೂ ಮಾಡಿ. ಇದು ಇಬ್ಬರೂ ಕಲಿಯುತ್ತಿರುವ ಕೆಲಸ.

ಎದೆ ಕಲ್ಲಿನಂತೆ ಕಟ್ಟಿಕೊಂಡಾಗ ಮಗುವಿಗೆ ಹಿಡಿಯಲು ಸಿಗುವುದಿಲ್ಲ. ಕುಡಿಸುವ ಮೊದಲು ಕೈಯಿಂದ ಸ್ವಲ್ಪ ಹಾಲು ಹಿಂಡಿ ಮೆತ್ತಗೆ ಮಾಡಿ, ಕುಡಿಸಿದ ಮೇಲೆ ತಣ್ಣನೆ ಬಟ್ಟೆ ಇಡಿ. ಪೂರ್ತಿ ಖಾಲಿ ಮಾಡಲು ಹೋದರೆ ದೇಹ ಮತ್ತಷ್ಟು ತಯಾರಿಸುತ್ತದೆ. ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ಚಳಿ ಜ್ವರ ಬಂದರೆ ಡಾಕ್ಟರನ್ನು ಕಾಣಿ, ಆದರೆ ಆ ಕಡೆ ಕುಡಿಸುವುದನ್ನು ನಿಲ್ಲಿಸಬೇಡಿ.

ಪುಡಿ ಹಾಲು ಕೊಡಬೇಕಾಗಿ ಬಂದರೆ ಕೊಡಿ, ಮಗುವಿನ ಹೊಟ್ಟೆ ತುಂಬುವುದೇ ಮುಖ್ಯ. ಬಾಟಲಿಗೆ ಮೊದಲು ಅಳತೆಯ ನೀರು, ಆಮೇಲೆ ಡಬ್ಬದಲ್ಲೇ ಇರುವ ಚಮಚದಿಂದ ಸಮತಟ್ಟಾಗಿ ಪುಡಿ. ಉಳಿತಾಯಕ್ಕೆಂದು ತೆಳು ಮಾಡಬೇಡಿ: ರಕ್ತದಲ್ಲಿ ಸೋಡಿಯಂ ಇಳಿದು ಮಗುವಿಗೆ ಫಿಟ್ಸ್ ಬರಬಹುದು. ಆರು ತಿಂಗಳವರೆಗೆ ಬರೀ ನೀರು ಬೇಡ ಅನ್ನುವುದಕ್ಕೂ ಇದೂ ಒಂದು ಕಾರಣ. ಬಾಯಿಟ್ಟ ಬಾಟಲಿಯಲ್ಲಿ ಉಳಿದದ್ದನ್ನು ಒಂದು ಗಂಟೆಯ ನಂತರ ಚೆಲ್ಲಿ.

ಇನ್ನು ಅಳು. ಎರಡು ವಾರದಿಂದ ಏರುತ್ತಾ ಹೋಗಿ ಸುಮಾರು ಆರನೇ ವಾರಕ್ಕೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ಇಳಿಯುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ಮಕ್ಕಳೂ ಹೀಗೇ ಅಳುತ್ತವೆ. ಹಾಲು, ಡೈಪರ್, ಸೆಕೆ, ಚಳಿ, ಬೆರಳಿಗೆ ಸುತ್ತಿಕೊಂಡ ಕೂದಲೆಳೆ, ಎಲ್ಲ ನೋಡಿ ಆದಮೇಲೂ ನಿಲ್ಲದಿದ್ದರೆ, ನಿಮ್ಮ ತಲೆ ಸಿಡಿಯುವಂತಾದರೆ, ಮಗುವನ್ನು ಸಮತಟ್ಟಾದ ಸುರಕ್ಷಿತ ಜಾಗದಲ್ಲಿ ಅಂಗಾತ ಮಲಗಿಸಿ ಪಕ್ಕದ ಕೋಣೆಗೆ ಹೋಗಿ. ಐದು ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗದು. ಸಿಟ್ಟಿನಲ್ಲಿ ಅಲುಗಾಡಿಸಿದರೆ ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ. ರಾತ್ರಿ ಮುಲುಕಿದಾಗ, ಕಾಲೊದ್ದಾಗಲೂ ಒಂದು ನಿಮಿಷ ಕಾಯಿರಿ, ಎಷ್ಟೋ ಸಲ ಅದು ನಿದ್ದೆಯಲ್ಲೇ ಇರುತ್ತದೆ. ಸೋಫಾದ ಮೇಲೆ ಕೂತು ಹಾಲುಣಿಸುತ್ತಾ ಕಣ್ಣು ಮುಚ್ಚಿಹೋಗುತ್ತಿದೆ ಅನ್ನಿಸಿದರೆ ಯಾರ ಕೈಗಾದರೂ ಮಗುವನ್ನು ಕೊಡಿ. ಅಲ್ಲಿ ನಿದ್ದೆ ಹೋದರೆ ಮಗುವಿನ ಉಸಿರು ಕಟ್ಟುವ ಅಪಾಯ ಬಹಳ.

ಕಾಯಬಾರದ ಸಂಗತಿಗಳು ಕೆಲವೇ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ, ಹಸಿರು ವಾಂತಿ, ಎಬ್ಬಿಸಿದರೂ ಏಳದೆ ಹಾಲು ಬಿಡುವುದು, ತುಟಿ ನೀಲಿಗಟ್ಟುವುದು, ಹುಟ್ಟಿದ 24 ಗಂಟೆಯೊಳಗೇ ಕಾಣುವ ಕಾಮಾಲೆ: ಆಸ್ಪತ್ರೆಗೆ ಹೊರಡಿ. ನಿಮಗೆ ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಹೋದರೆ, ಅಥವಾ ಕಣ್ಣು ಮಂಜಾಗಿಸುವ ವಿಪರೀತ ತಲೆನೋವು ಬಂದರೆ ಆಗಲೂ ಅಷ್ಟೇ. ಹೆರಿಗೆಯ ನಂತರದ ಆರು ವಾರಗಳಲ್ಲೂ ರಕ್ತದೊತ್ತಡ ಅಪಾಯಕ್ಕೆ ಏರಬಹುದು.

ಮೂರನೇ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು ಬರುವುದು ಹಾರ್ಮೋನುಗಳು ದಿಢೀರನೆ ಇಳಿಯುವುದರಿಂದ. ಎರಡು ವಾರದಲ್ಲಿ ತಿಳಿಯಾಗುತ್ತದೆ. ಆಗದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಮಗುವಿಗೋ ನಿಮಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಈಗಲೇ ಹತ್ತಿರದವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಡಾಕ್ಟರ ಮುಂದೆ ಮಾತು ಹೊರಡದಿದ್ದರೆ ಇಷ್ಟು ಹೇಳಿದರೂ ಸಾಕು: ‘ಹೆರಿಗೆಯಾಗಿ ಮೂರು ವಾರ ಆಯಿತು. ಮಗು ಮಲಗಿದರೂ ನನಗೆ ನಿದ್ದೆ ಬರುತ್ತಿಲ್ಲ. ಯಾವುದರಲ್ಲೂ ಮನಸ್ಸಿಲ್ಲ.’ ಉಳಿದದ್ದನ್ನು ಅವರೇ ಕೇಳಿ ತಿಳಿದುಕೊಳ್ಳುತ್ತಾರೆ. ಎದೆಹಾಲು ನಿಲ್ಲಿಸದೆ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ, ಅದನ್ನು ನೀವೇ ಬಾಯಿಬಿಟ್ಟು ಕೇಳಿ.