ಎರಡು ಕೋಣೆ, ಎರಡು ಕೀಬೋರ್ಡ್, 45 ಮಿಲಿಸೆಕೆಂಡು

ಆ ಡೇಟಾ ಮೀಟಿಂಗ್ ನೆನಪಾದರೆ ಈಗಲೂ ಕಸಿವಿಸಿಯಾಗುತ್ತದೆ. ದಣಿದ ಒಂದು ಗುಂಪು, ವಿಶ್ರಾಂತಿಯಲ್ಲಿದ್ದ ಇನ್ನೊಂದು ಗುಂಪು; ಇಬ್ಬರೂ ಪರದೆಯಲ್ಲಿ ಮೂಡುವ ಪದದ ಬಣ್ಣಕ್ಕೆ ತಕ್ಕ ಕೀಲಿ ಒತ್ತಬೇಕು, ಇದು ನಮ್ಮ ಲ್ಯಾಬಿನ ಪ್ರಯೋಗ. ದಣಿವಿನ ಗುಂಪಿನ ಸರಾಸರಿ ಆರ್‌ಟಿ (ಪ್ರತಿಕ್ರಿಯೆಗೆ ಹಿಡಿಯುವ ಸಮಯ) ವಿಶ್ರಾಂತಿ ಗುಂಪಿಗಿಂತ ಸುಮಾರು 45 ಮಿಲಿಸೆಕೆಂಡು ಹೆಚ್ಚು, ಪಿ-ವ್ಯಾಲ್ಯೂ 0.05ರ ಕೆಳಗೆ, ಅಂದರೆ ಬರೀ ಆಕಸ್ಮಿಕವಾಗಿ ಇಷ್ಟು ಅಂತರ ಬರುವುದು ಅಪರೂಪ. ಪ್ರಾಜೆಕ್ಟ್ ಮುಖ್ಯಸ್ಥರು ಗ್ರಾಫ್ ನೋಡಿದವರೇ "ಇದನ್ನೇ ಮುಖ್ಯ ಫಲಿತಾಂಶ ಅಂತ ಬರೆದುಬಿಡೋಣ" ಅಂದರು.

ಆದರೆ ನಾವು ಪ್ರೀ-ರಿಜಿಸ್ಟರ್ ಮಾಡಿದ್ದು (ಮುಖ್ಯ ಅಳತೆ ಎಂದು ಮೊದಲೇ ದಾಖಲಿಸಿಟ್ಟದ್ದು) ಸರಾಸರಿಯನ್ನಲ್ಲ, ಸ್ಟ್ರೂಪ್ ಸ್ಕೋರನ್ನು. 'ಕೆಂಪು' ಎಂಬ ಪದ ಹಸಿರು ಬಣ್ಣದಲ್ಲಿ ಬಂದಾಗ ಹಿಡಿಯುವ ಹೊತ್ತಿನಿಂದ, ಪದವೂ ಬಣ್ಣವೂ ಹೊಂದಿದಾಗ ಹಿಡಿಯುವ ಹೊತ್ತನ್ನು ಕಳೆದರೆ ಬರುವ ಅಂಕಿ ಅದು. ಅದರಲ್ಲಿ ಎರಡೂ ಗುಂಪು ಸರಿಸಮ. ನನಗೆ ಅನುಮಾನ ಹುಟ್ಟಿದ್ದು ಅಲ್ಲೇ. ಜನ ದಣಿದಾಗ ಸಾಮಾನ್ಯವಾಗಿ ನಿಧಾನದ ಟ್ರಯಲ್‌ಗಳ (ಒಂದೊಂದು ಸಲದ ಉತ್ತರಗಳ) ಬಾಲ ಉದ್ದವಾಗುತ್ತದೆ. ಇಲ್ಲಿ ಇಡೀ ಹಂಚಿಕೆಯೇ ಬಲಕ್ಕೆ, ಅಂದರೆ ನಿಧಾನದ ಕಡೆಗೆ, ಸರಿದಿತ್ತು. ಅತಿ ವೇಗದ ಟ್ರಯಲ್‌ಗಳೂ ಅಷ್ಟೇ ದೂರ ಸರಿದಿದ್ದವು. ಮನುಷ್ಯರು ಹೀಗೆ ದಣಿಯುವುದಿಲ್ಲ.

"ದಣಿವಿನ ಗುಂಪಿನವರನ್ನೆಲ್ಲ ಒಳಕೋಣೆಯಲ್ಲೇ ಕೂರಿಸಿದ್ದಾ?" ಅಂತ ಕೇಳಿದೆ.

ಯಾರೂ ಮಾತಾಡಲಿಲ್ಲ. ಸೆಷನ್ ನಡೆಸುತ್ತಿದ್ದ ಸಹೋದ್ಯೋಗಿ ಬುಕಿಂಗ್ ಶೀಟ್ ತೆರೆದು ಮೇಲಿನಿಂದ ಕೆಳಗೆ ನೋಡುತ್ತಾ ಹೋದರು. ಪ್ರತಿ ಸಾಲಿನಲ್ಲೂ ಅದೇ ಕೋಣೆ. ಕೊನೆಗೆ, "ಸರ್, ಉದ್ದದ ಸೆಷನ್‌ಗೆ ಗಲಾಟೆ ಇರಬಾರದು ಅಂತ ನೀವೇ ಹೇಳಿದ್ರಲ್ಲ" ಅಂದರು. ಅವರ ದನಿ ನಡುಗುತ್ತಿತ್ತು. ತಪ್ಪು ಅವರದ್ದಾಗಿರಲಿಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ರ್‍ಯಾಂಡಮೈಸೇಷನ್ ಪಟ್ಟಿ ಚೀಟಿ ಎತ್ತಿದಂತೆ ಅಚ್ಚುಕಟ್ಟಾಗಿ ಹಂಚಿತ್ತು. ಕೋಣೆಯನ್ನು ಮಾತ್ರ ಅನುಕೂಲ ನೋಡಿ ಹಂಚಿದ್ದೆವು.

ಅಳೆದು ನೋಡೋಣ ಅಂದೆ. ಫೋನಿನ ಸ್ಲೋ-ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮಿನಂತೆ, ಪರದೆ ಮತ್ತು ಬೆರಳು ಎರಡೂ ಕಾಣುವ ಹಾಗೆ ಚಿತ್ರೀಕರಿಸಿದೆವು. ಒಂದು ಫ್ರೇಮ್ ಅಂದರೆ ಸುಮಾರು 4.2 ಮಿಲಿಸೆಕೆಂಡು. ಪದ ಮೂಡಿದ ಫ್ರೇಮಿನಿಂದ ಕೀಲಿ ತಳ ಮುಟ್ಟಿದ ಫ್ರೇಮಿನವರೆಗೆ ಎಣಿಸಿ, ಸಾಫ್ಟ್‌ವೇರ್ ದಾಖಲಿಸಿದ ಸಮಯದ ಜೊತೆ ಹೋಲಿಸಿದೆವು. ಹೊರಗಿನ ಕೋಣೆಯಲ್ಲಿ ಎರಡೂ ಹೆಚ್ಚುಕಡಿಮೆ ತಾಳೆಯಾದವು. ಒಳಕೋಣೆಯಲ್ಲಿ ಸಾಫ್ಟ್‌ವೇರ್ ಹತ್ತು ಫ್ರೇಮಿನಷ್ಟು, ಅಂದರೆ ಸುಮಾರು 42 ಮಿಲಿಸೆಕೆಂಡು, ಹೆಚ್ಚು ತೋರಿಸುತ್ತಿತ್ತು. ಅಲ್ಲಿದ್ದದ್ದು ವೈರ್‌ಲೆಸ್ ಕೀಬೋರ್ಡ್, ಜೊತೆಗೆ ಚಿತ್ರವನ್ನು ತಿದ್ದಿ ತಡವಾಗಿ ತೋರಿಸುವ ದೊಡ್ಡ ಪರದೆ. ಖರೀದಿ ವಿಭಾಗ ಕಳಿಸಿದ್ದು. ನಮ್ಮನ್ನು ಒಂದು ಮಾತು ಕೇಳಿರಲಿಲ್ಲ. 60 ಹರ್ಟ್ಸ್ ಪರದೆಯಲ್ಲಿ ಒಂದು ರಿಫ್ರೆಶ್‌ಗೇ 16.7 ಮಿಲಿಸೆಕೆಂಡು ಹಿಡಿಯುವಾಗ, ಆರ್‌ಟಿ ಅಳೆಯುವ ಲ್ಯಾಬಿಗೆ ಕಚೇರಿಯ ಸಾಮಾನು ತಂದಿಡುವುದನ್ನು ನಾನು ಇವತ್ತಿಗೂ ಒಪ್ಪಲಾರೆ.

ಸ್ಟ್ರೂಪ್ ಸ್ಕೋರ್ ಬಚಾವಾದದ್ದು ಯಾಕೆ ಅನ್ನುವುದೂ ಆಗ ತಿಳಿಯಿತು. ಒಬ್ಬರೇ ವ್ಯಕ್ತಿ, ಒಂದೇ ಕಂಪ್ಯೂಟರ್. ಯಂತ್ರದ ತಡ ಎರಡೂ ಬಗೆಯ ಟ್ರಯಲ್‌ಗೆ ಸೇರಿರುತ್ತದೆ, ಕಳೆದಾಗ ಹೊರಟುಹೋಗುತ್ತದೆ. 1868ರಲ್ಲಿ ಡಚ್ ವಿಜ್ಞಾನಿ ಡಾಂಡರ್ಸ್ ತೋರಿಸಿಕೊಟ್ಟ ಕಳೆಯುವ ಲೆಕ್ಕಕ್ಕೆ ಈ ಬಲವಿದೆ. ಗುಂಪು ಗುಂಪಿನ ಸರಾಸರಿ ಹೋಲಿಸಿದರೆ ಆ ರಕ್ಷಣೆ ಇಲ್ಲ.

"ಹಾಗಾದರೆ ಒಳಕೋಣೆಯ ಡೇಟಾದಿಂದ 42 ಕಳೆದುಬಿಡಿ" ಎಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ತಡ ಪ್ರತಿ ಟ್ರಯಲ್‌ಗೂ ಸ್ವಲ್ಪ ಏರುಪೇರಾಗುತ್ತಿತ್ತು. ಅದನ್ನು ಸರಿಪಡಿಸಿದರೂ ಬೆಳಕು, ಸದ್ದು, ಸೆಷನ್ ನಡೆಸಿದವರು ಎಲ್ಲವೂ ಕೋಣೆಗೆ ಅಂಟಿಕೊಂಡೇ ಇದ್ದವು. ಯಾವುದರ ಪಾಲು ಎಷ್ಟು ಎಂದು ಬಿಡಿಸಲು ಆ ಡೇಟಾದಲ್ಲಿ ದಾರಿಯೇ ಇರಲಿಲ್ಲ.

ಮುಖ್ಯಸ್ಥರಿಗೆ ಬೇಸರವಾಯಿತು, ಗ್ರಾಂಟ್ ಗಡುವು ಹತ್ತಿರವಿತ್ತು. ಆದರೂ ಡೇಟಾ ಮತ್ತೆ ಸಂಗ್ರಹಿಸಲು ಒಪ್ಪಿದರು. ಈಗ ಕೋಣೆ, ಕಂಪ್ಯೂಟರ್, ಸೆಷನ್ ನಡೆಸುವವರು ಮೂರೂ ರ್‍ಯಾಂಡಮೈಸೇಷನ್ ಪಟ್ಟಿಯ ಕಾಲಂಗಳು. ಪರೀಕ್ಷಾ ಸುತ್ತಾದ ಪೈಲಟ್‌ಗೆ ಮೊದಲು ಪ್ರತಿ ಯಂತ್ರದ ಫ್ರೇಮ್ ಎಣಿಕೆ ಕಡ್ಡಾಯ. ವೈರ್‌ಲೆಸ್ ಕೀಬೋರ್ಡನ್ನು ರಿಸೆಪ್ಷನ್‌ಗೆ ಕೊಟ್ಟೆವು. ಪರದೆ ಬದಲಿಸುವ ಅರ್ಜಿ ಇನ್ನೂ ಖರೀದಿ ವಿಭಾಗದಲ್ಲಿದೆ, ಅಲ್ಲಿಯವರೆಗೆ ಒಳಕೋಣೆಯಲ್ಲಿ ಪ್ರಶ್ನಾವಳಿ ಮಾತ್ರ.